ಆರು ಚೂರಿನಲ್ಲಿ ಒಂದು

ಲ್ಯಾಬಿನ ದೊಡ್ಡ ಡಾಕ್ಟರಿಗೆ ಅಂದು ಸ್ವರ್ಗಕ್ಕೆ ಮೂರೇ ಗೇಣು. ಬಸ್ ಕಂಡಕ್ಟರನೊಬ್ಬನ ಹೊಟ್ಟೆಯಿಂದ ತೆಗೆದ ಗೆಡ್ಡೆಯಲ್ಲಿ ಎರಡು ಜಾತಿಯ ಕ್ಯಾನ್ಸರ್ ಸಿಕ್ಕಿತ್ತು. ಮೊದಲಿನ ಬಯಾಪ್ಸಿ ರಿಪೋರ್ಟಿನಲ್ಲಿ ಇದ್ದದ್ದು ಒಂದೇ. ನಾಲ್ಕು ಸುತ್ತು ಕೀಮೋ ಆದ ಮೇಲೆ ಅದು ಬಹುಪಾಲು ಸತ್ತು, ಅದರ ಜಾಗದಲ್ಲಿ ಇನ್ನೊಂದು ಪುಂಡ ಜಾತಿ ಕಾಲು ಚಾಚಿಕೊಂಡು ಕೂತಿತ್ತು.

“ಕೀಮೋನೇ ಇದನ್ನ ಬದಲಾಯಿಸಿರೋದು ಕಣಮ್ಮ! ಎಷ್ಟು ಅಪರೂಪ ಗೊತ್ತಾ?” ಎಂದರು ಲ್ಯಾಬಿನ ಕಿರಿಯ ಡಾಕ್ಟರಮ್ಮನಿಗೆ.

ಮೊಮ್ಮಗ ಹುಟ್ಟಿದಾಗಲೂ ಅವರು ಇಷ್ಟು ಹಿಗ್ಗಿರಲಿಲ್ಲ. ಸಮ್ಮೇಳನದ ಭಾಷಣಕ್ಕೆ ಚಿತ್ರಗಳು ಸಿದ್ಧವಾದವು. ಅಷ್ಟಾದರೂ ತಡೆಯಲಾರದೆ ವಾರ್ಡಿಗೆ ಹೋಗಿ, ಬಹುಮಾನ ಬಂತೆಂಬಂತೆ ರೋಗಿಗೇ ಹೇಳಿ ಬಂದರು.

ಅದನ್ನು ಕೇಳಿದ್ದೇ ರೋಗಿ, ಮುಂದೆ ಕೊಡಬೇಕಿದ್ದ ಹೊಸ ಔಷಧಿ ಬೇಡವೆಂದು ಚೀಲಕ್ಕೆ ಬಟ್ಟೆ ತುಂಬತೊಡಗಿದ. ಲಿವರಿನಲ್ಲಿ ಆಗಲೇ ಚುಕ್ಕೆ ಕಾಣಿಸಿತ್ತು. ಬೇಗ ಶುರು ಮಾಡದಿದ್ದರೆ ಆಳು ಉಳಿಯುವಂತಿರಲಿಲ್ಲ.

ಸುದ್ದಿ ಕೇಳಿ ಕಿರಿಯ ಡಾಕ್ಟರಮ್ಮ ಹಳೆಯ ರಿಪೋರ್ಟು ಹುಡುಕಿ ತೆಗೆದಳು. ಮೊದಲ ರಿಪೋರ್ಟಿಗೆ ರುಜು ಹಾಕಿದವಳು ಅವಳೇ. ಆಗ ಪರೀಕ್ಷೆಗೆಂದು ಗೆಡ್ಡೆಯಿಂದ ಕಿತ್ತು ಕಳಿಸಿದ್ದು ಆರು ಚೂರು. ಆದರೆ ಅನ್ನ ಬೆಂದದ್ದು ತಿಳಿಯಲು ಒಂದಗುಳು ಸಾಕು ಎಂಬುದು ಆ ಲ್ಯಾಬಿನ ವೇದವಾಕ್ಯ. ಒಂದು ಚೂರಿನಲ್ಲಿ ಕ್ಯಾನ್ಸರ್ ಕಂಡರೆ ಉಳಿದ ಐದನ್ನು ಡಬ್ಬಿಯಲ್ಲಿಟ್ಟು ಊಟಕ್ಕೆ ಹೋಗುವುದು ಪದ್ಧತಿ.

ಡಬ್ಬಿ ತೆರೆದು ಐದಕ್ಕೂ ಬಣ್ಣ ಹಾಕಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ನಾಲ್ಕನೆಯದರಲ್ಲಿ ಆ ಪುಂಡ ಮೊದಲ ದಿನದಿಂದಲೇ ಕೂತಿದ್ದ. ಕೀಮೋ ಅವನನ್ನು ಹುಟ್ಟಿಸಿರಲಿಲ್ಲ. ಪಕ್ಕದವನನ್ನು ಕೊಂದು ಜಾಗ ಬಿಡಿಸಿಕೊಟ್ಟಿತ್ತು, ಅಷ್ಟೆ.

ದೊಡ್ಡ ಡಾಕ್ಟರು ಸ್ಲೈಡು ನೋಡಿ ಕನ್ನಡಕ ಒರೆಸಿಕೊಂಡರು. “ಔಷಧಿಯಿಂದ ಬದಲಾಗೋದೂ ಉಂಟಮ್ಮ. ಇದನ್ನ ಈಗ ಕೆದಕೋದ್ಯಾಕೆ? ರುಜು ನಿಂದೇ, ನೆನಪಿರಲಿ.”

ಅವಳಿಗೆ ಭಯವಾಯಿತು. ನಾಚಿಕೆ ಅದಕ್ಕಿಂತ ಹೆಚ್ಚಾಯಿತು. ನೇರ ವಾರ್ಡಿಗೆ ಹೋದಳು.

“ಔಷಧಿಯಿಂದಲೇ ಗೆಡ್ಡೆ ಕೆಟ್ಟಿದ್ದು ಅಂತ ನಿಮ್ಮ ದೊಡ್ಡೋರೇ ಹೇಳಿದ್ರು,” ಎಂದ ಕಂಡಕ್ಟರ್. “ಮತ್ತೆ ಹಾಕಿಸ್ಕೊಳ್ಳೋಕೆ ನಂಗೇನು ತಲೆ ಕೆಟ್ಟಿದೆಯಾ?”

“ಔಷಧಿ ತಪ್ಪಲ್ಲ ಅಣ್ಣ. ಎರಡೂ ಮೊದಲಿಂದಾನೇ ಇದ್ವು. ಆರು ಚೂರಲ್ಲಿ ನಾನು ಒಂದನ್ನೇ ನೋಡಿ ರುಜು ಹಾಕ್ದೆ. ಹೊಸ ಔಷಧಿ ಆ ಇನ್ನೊಂದಕ್ಕೆ.”

ಆತ ಚೀಲ ಕೆಳಗಿಟ್ಟ.

“ನನ್ನ ಬಸ್ಸಿಗೆ ಆರು ಜನ ಹತ್ತಿ, ನಾನು ಒಬ್ಬರಿಗೇ ಟಿಕೆಟ್ ಕೊಟ್ಟಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ರು.”

“ಹೌದಣ್ಣ,” ಎಂದಳು ಅವಳು.

“ಔಷಧಿ ಹಾಕಿಸ್ಕೋತೀನಿ,” ಎಂದ ಆತ, ಮಂಚದ ಮೇಲೆ ಕೂರುತ್ತ. “ಆದ್ರೆ ಇನ್ಮೇಲೆ ನನ್ನ ಚೂರು ನೀವು ನೋಡ್ಬೇಡಿ ತಾಯಿ.”