ಹೊರಗೊಬ್ಬರು ಬೇಕು

ಒಳಗಿನಿಂದ ಎಲ್ಲ ಸರಿಯಾಗಿತ್ತು. ಹೊರಗಿನಿಂದಲೂ ಸರಿಯಾಗಿದೆಯೋ ಇಲ್ಲವೋ ಹೇಳುವುದಕ್ಕೆ ಹೊರಗೊಬ್ಬರು ಬೇಕಿತ್ತು.

ಅದೇ ಪೀಕಲಾಟ. ರಜೆ ಹಾಕಿ, ಊಟ ತಿಂಡಿ ಮರೆತು, ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರಾಗಿದ್ದ ಅವನು ಮನೆಯ ಕಂಪ್ಯೂಟರನ್ನೇ ಸರ್ವರ್ ಮಾಡಿದ್ದ. ಇನ್ನು ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಅವನ ವಿಳಾಸ ಒತ್ತಿದರೂ ಅವನ ಪುಟ ಈ ಕೋಣೆಯಿಂದಲೇ ಎದ್ದು ಹೋಗಬೇಕು. ಕಂಪನಿಗಳ ಜಾಗದಲ್ಲಿ ಬರೆಯುವುದೆಂದರೆ ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದಂತೆ ಎಂದು ಅವನ ವಾದ. ಆ ವಾದವನ್ನು ಕೇಳಿದವರು ಯಾರೂ ಇರಲಿಲ್ಲ.

ಪುಟದಲ್ಲಿ ಅವನದೊಂದು ಫೋಟೊ ಇತ್ತು. ಕೆಳಗೆ 'ಸ್ವಾಗತ' ಎಂದಿತ್ತು. ಮುಂದೇನು ಬರೆಯಬೇಕೆಂದು ಹೊಳೆದಿರಲಿಲ್ಲ.

ಮೊಬೈಲಿನ ವೈಫೈ ಆರಿಸಿ, ಸಿಮ್ಮಿನ ಡೇಟಾದಲ್ಲಿ ತೆಗೆದು ನೋಡಿದ. ಬಂತು. ಆದರೆ ತಾನೇ ಬೀದಿಗೆ ಹೋಗಿ ನಿಂತು ತನ್ನ ಮನೆಯ ಬೆಲ್ ಒತ್ತಿದ ಹಾಗಾಯಿತು. ಯಾರೂ ನೋಡದಿದ್ದರೂ ನಾಚಿಕೆಯೆನಿಸಿತು.

ಅಕ್ಕನಿಗೆ ಫೋನ್ ಮಾಡಿದ.

"ಯಾರಿಗೇನಾಯ್ತೋ?" ಎಂದಳು ಅಕ್ಕ, ಎತ್ತಿದವಳೇ.

"ಯಾರಿಗೂ ಏನೂ ಆಗಿಲ್ಲ. ಒಂದು ವಿಳಾಸ ಕಳಿಸ್ತೀನಿ, ತೆಗೆದು ನೋಡ್ತೀಯಾ?"

"ಏನಿದೆ ಅದರಲ್ಲಿ?"

"ಏನಿಲ್ಲ. ಕಾಣಿಸುತ್ತಾ ಅಂತ, ಅಷ್ಟೆ."

"ಏನಿಲ್ಲದ್ದನ್ನ ಏನೋ ನೋಡೋದು? ಒಲೆ ಮೇಲೆ ಹಾಲಿಟ್ಟಿದೀನಿ ಕಣೋ, ಆಮೇಲೆ ನೋಡ್ತೀನಿ."

ಹಾಲು ಕಾದು ಆರುವಷ್ಟು ಹೊತ್ತು ಕಾದ. ಆಮೇಲೆ ಕಾಲೇಜಿನ ಲೈಬ್ರರಿಯನ್‌ಗೆ ಮಾಡಿದ.

"ಗೊತ್ತಿಲ್ಲದ ಲಿಂಕ್ ಒತ್ತಬಾರದು ಅಂತ ಸುತ್ತೋಲೆ ಬಂದಿದೆಯಲ್ಲ ಸಾರ್" ಎಂದರು ಲೈಬ್ರರಿಯನ್.

"ನಂದೇ ಕಣ್ರೀ."

"ಎಲ್ಲರೂ ಹಾಗೇ ಅಂತಾರೆ ಸಾರ್."

ಹೆಂಡತಿ ಮಧ್ಯಾಹ್ನದ ಪಾಳಿಗೆ ಹೊರಟಿದ್ದಳು. ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಅವಳ ಕೆಲಸ. ಕೋಣೆಯ ಬಾಗಿಲಲ್ಲಿ ನಿಂತಳು.

"ಅಪ್ಪನ ದನಿ ಇರೋದು ಆ ಕಂಪ್ಯೂಟರೊಂದರಲ್ಲೇ ರೀ. ಪೆನ್‌ಡ್ರೈವ್‌ಗೂ ಹಾಕಿಡಿ ಅಂತ ಎಷ್ಟು ಸಲ ಹೇಳ್ಲಿ?"

"ಹಾಕ್ತೀನಿ."

"ಇವತ್ತು?"

"ಹಾಕ್ತೀನಿ ಅಂದ್ನಲ್ಲ."

ಅವಳು ಚಪ್ಪಲಿ ಮೆಟ್ಟಿ ಹೋದಳು.

ಅವಳಪ್ಪ ನಡುಮನೆಯಲ್ಲಿ ಮಲಗಿದ್ದರು. ಒಂದು ಕಾಲಕ್ಕೆ ಶಾಲೆಯ ಡ್ರಿಲ್ ಮೇಷ್ಟ್ರು. ಸೀಟಿಯಿಲ್ಲದೆ ಮೈದಾನದ ಆ ತುದಿಯ ಹುಡುಗರನ್ನು ನಿಂತಲ್ಲೇ ನಿಲ್ಲಿಸುತ್ತಿದ್ದವರು. ಗಂಟಲಿನ ಗಡ್ಡೆಯ ಜೊತೆ ದನಿಯೂ ಹೋಯಿತು. ಆಪರೇಷನ್ನಿಗೆ ಮುಂಚೆ ಮಗಳು ಕೂರಿಸಿಕೊಂಡು, ಮಾತಾಡಿಸಿ, ರೆಕಾರ್ಡ್ ಮಾಡಿ ಹಿಡಿದಿಟ್ಟದ್ದಷ್ಟೇ ಉಳಿದದ್ದು: ಬೈಗುಳ, ನಗು, ಅವಳನ್ನು 'ಪುಟ್ಟೀ' ಎಂದು ಕರೆದದ್ದು. ದಿನಾ ನಿದ್ದೆ ಮುಗಿಸಿ ಈ ಕಂಪ್ಯೂಟರಿನ ಮುಂದೆ ಬಂದು, ಹೆಡ್‌ಫೋನ್ ಹಾಕಿಕೊಂಡು, ತಮ್ಮ ಮಾತನ್ನು ತಾವೇ ಕೇಳುತ್ತಿದ್ದರು. ಅಳಿಯನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಇದೇನು ಹೊಟ್ಟೆಕಿಚ್ಚೋ ಎಂದು ಒಮ್ಮೆ ಅನಿಸಿ, ಛೆ ಎಂದುಕೊಂಡಿದ್ದ.

ಹೆಂಡತಿ ಹೋದ ಮೇಲೆ, ಸರ್ವರಿಗೆ ಬಂದುಹೋದವರ ಗುರುತು ಬೀಳುವ ಫೈಲನ್ನು ತೆಗೆದ. ಯಾರೋ ಬಂದಿದ್ದರು.

'ಸ್ವಾಗತ'ದ ಕಡೆ ತಿರುಗಿಯೂ ನೋಡಿರಲಿಲ್ಲ. ನೇರ ಹಿತ್ತಲ ಬಾಗಿಲಿಗೆ ಹೋಗಿದ್ದರು. ಕಾಲೇಜಿನಿಂದಲೂ ಮನೆಯ ಫೈಲುಗಳು ಕೈಗೆ ಸಿಗಲೆಂದು ಅವನೊಂದು ಲಾಗಿನ್ ಪುಟ ಮಾಡಿದ್ದ. ಪಾಸ್‌ವರ್ಡ್ ಹೊಂದಿದರೆ ಇಡೀ ಕಂಪ್ಯೂಟರೇ ತೆರೆದುಕೊಳ್ಳುತ್ತಿತ್ತು. ತಪ್ಪಿದ ಪಾಸ್‌ವರ್ಡುಗಳನ್ನೆಲ್ಲ ಅದು ಬರೆದಿಡುತ್ತಲೂ ಇತ್ತು. ಹೊಸಬರು ಮಾಡುವ ಕೆಲಸ.

ಅಡ್ಮಿನ್. ವೆಲ್‌ಕಮ್. ಲೆಟ್‌ಮಿಇನ್. ಒಂದರಿಂದ ಆರರವರೆಗಿನ ಅಂಕಿ. ಆಮೇಲೆ ಮತ್ತೆ ಮೊದಲಿಂದ. ಅವನು ನೋಡುತ್ತಿರುವಾಗಲೇ ಸಾಲಿನ ಕೆಳಗೆ ಸಾಲು ಹುಟ್ಟುತ್ತಿತ್ತು.

ಇದು ಮನುಷ್ಯನಲ್ಲ, ಎಲ್ಲೋ ಇರುವ ಯಂತ್ರವೊಂದು ಕಂಡ ಕಂಡ ಮನೆಯ ಚಿಲಕ ಅಲ್ಲಾಡಿಸುತ್ತಿದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನೆಟ್ಟಿನ ತಂತಿ ಕಿತ್ತರೆ ಮುಗಿಯಿತು. ಕೈ ತಂತಿಯವರೆಗೂ ಹೋಯಿತು, ಹಿಂದೆ ಬಂತು. ಹಾಲಿನ ನೆಪ ಹೇಳದೆ, ಸುತ್ತೋಲೆ ತೋರಿಸದೆ, ಒಳಗೆ ಬಿಡು, ಒಳಗೆ ಬಿಡು ಎಂದು ಅವನನ್ನು ಇಷ್ಟು ಗೋಗರೆದವರು ಬೇರೆ ಯಾರಿದ್ದರು? ಅವನ ಕಣ್ಣು ಒದ್ದೆಯಾಯಿತು. ಅದಕ್ಕಾಗಿ ತನ್ನ ಮೇಲೇ ಅಸಹ್ಯವಾಯಿತು.

ಸುಮ್ಮನೆ ಪರೀಕ್ಷೆಗೆ, ಎಂದುಕೊಂಡ. ಒಂದು ಗಳಿಗೆ ಬಾಗಿಲು ತೆಗೆದು ಮತ್ತೆ ಹಾಕಿಕೊಂಡರಾಯಿತು. ಪೆನ್‌ಡ್ರೈವ್ ಮೇಜಿನ ಮೇಲೇ ಇತ್ತು. ಮೊದಲು ಆ ಕೆಲಸ ಮಾಡಬೇಕೆಂಬುದು ತರ್ಕಶಾಸ್ತ್ರ ಓದದವರಿಗೂ ತಿಳಿಯುತ್ತದೆ. ಆದರೆ ಅಷ್ಟರಲ್ಲಿ ಬಂದವರು ಬೇಸತ್ತು ಹೊರಟುಹೋದರೆ?

ಪಾಸ್‌ವರ್ಡ್ ಬದಲಿಸಿದ. ಒಂದರಿಂದ ಆರು.

ಎದ್ದು, ಗೋಡೆಯ ಪಕ್ಕದ ಕುರ್ಚಿಯನ್ನು ತಂದು ತನ್ನ ಬದಿಗೆ ಹಾಕಿದ. ಯಾಕೆ ಹಾಕಿದೆ ಎಂದು ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಅಂಗಿಯ ಕಾಲರ್ ಸರಿಮಾಡಿಕೊಂಡ.

ಸಾಲುಗಳು ನಿಂತವು; ಪಾಸ್‌ವರ್ಡ್ ಹೊಂದಿತ್ತು. ಕಂಪ್ಯೂಟರಿನ ಫ್ಯಾನ್ ಒಮ್ಮೆಲೇ ಏದುಸಿರು ಬಿಡತೊಡಗಿತು. ಪರದೆಯ ಮೇಲಿದ್ದ ಫೈಲುಗಳ ಹೆಸರು ಒಂದೊಂದಾಗಿ ಓದಲು ಬಾರದ ಅಕ್ಷರಗಳಾಗುತ್ತಾ ಬಂದವು. ಅವನ ಪಾಠದ ಟಿಪ್ಪಣಿಗಳು ಹೋದವು. ಮದುವೆಯ ಫೋಟೊಗಳು ಹೋದವು. ಪಟ್ಟಿಯ ಕೊನೆಯಲ್ಲಿದ್ದ 'ಅಪ್ಪ'ನವರೆಗೆ ಬರಲು ಇನ್ನೂ ಸ್ವಲ್ಪ ಹೊತ್ತಿತ್ತು. ತಂತಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಅವನು ಬಾಯಿ ತೆರೆದು ನೋಡುತ್ತಾ ಕೂತ.

ಹೆಜ್ಜೆಯ ಸಪ್ಪಳವಾಯಿತು. ನಿದ್ದೆಯಿಂದೆದ್ದ ಮಾವ ಬಂದು, ತಮಗಾಗಿಯೇ ಹಾಕಿದ್ದೆಂದು ತಿಳಿದು, ಆ ಕುರ್ಚಿಯಲ್ಲಿ ಕೂತರು. ಅಳಿಯನ ಕಡೆ ನೋಡಿ ನಕ್ಕರು. ಹೆಡ್‌ಫೋನ್ ಹಾಕಿಕೊಂಡು, ಹಚ್ಚಪ್ಪಾ ಎನ್ನುವಂತೆ ಬೆರಳು ತೋರಿಸಿದರು.

"ಸ್ವಲ್ಪ ಇರಿ ಮಾವ" ಎಂದ. "ಯಾರೋ ಬಂದಿದಾರೆ."

ಮಾವ ಆಗಲೆಂದು ತಲೆಯಾಡಿಸಿದರು. ಏನೂ ಕೇಳಿಸದ ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಾಯಿಪಾಠವಾಗಿದ್ದ ಮಾತುಗಳಿಗೆ ತುಟಿ ಅಲ್ಲಾಡಿಸತೊಡಗಿದರು.