ಬಿರುಕಿನ ಮೇಲಿನ ಗಾಜು

ಗಾಜು ತಾನಾಗಿಯೇ ಒಡೆಯಿತೋ, ತನ್ನ ಕಸಬರಿಗೆಯ ಕೋಲು ತಗುಲಿ ಒಡೆಯಿತೋ? ಬೆಳಿಗ್ಗೆ ಜೇಡರ ಬಲೆ ತೆಗೆಯುವಾಗ ಕೋಲು ಕಂಬಕ್ಕೆ ತಾಗಿದ್ದು ನಿಜ. ಅದಕ್ಕೂ ಮೊದಲೇ ಒಡೆದಿತ್ತೇ? ನಿನ್ನೆ ಕಲ್ಲಿನ ಖಣಿಯಲ್ಲಿ ಮದ್ದು ಹಾರಿಸಿದ ಮೇಲೆ ತಾನು ಬಂದು ನೋಡಿದ್ದು ಹೌದೇ, ಅಥವಾ ನೋಡಿದೆನೆಂದು ಈಗ ಅಂದುಕೊಳ್ಳುತ್ತಿರುವುದೇ? ಖಾಜಾಮಿಯಾ ಕಂಬದ ಮುಂದೆ ನಿಂತೇ ಇದ್ದ. ಬೆರಳಗಲದ ಗಾಜಿನ ಪಟ್ಟಿ ನಟ್ಟನಡುವೆ ಸೀಳಿತ್ತು.

ಶಹಾಬಾದಿನ ಆ ಖಣಿಯ ಸುತ್ತ ಇರುವುದೆಲ್ಲ ಹಾಸುಗಲ್ಲಿನ ಮನೆಗಳು. ಕಾಂಕ್ರೀಟಿನದು ಈ ಹಳೆಯ ಗೋದಾಮು ಒಂದೇ. ಇಪ್ಪತ್ತಾರು ವರ್ಷದ ಹಿಂದೆ ಇದರ ಕಬ್ಬಿಣದ ಸಲಾಕೆ ಕಟ್ಟಿದವರಲ್ಲಿ ಖಾಜಾಮಿಯಾನೂ ಒಬ್ಬ. ಈಗ ಇದರ ಚೌಕೀದಾರ. ಮದ್ದಿನ ಬತ್ತಿ ಹಚ್ಚುವ ಮುಂಚೆ ಸೀಟಿ ಊದಿದರೆ ಕೂಲಿಯವರೆಲ್ಲ ಓಡಿಬಂದು ಇದರಡಿ ನಿಲ್ಲುವುದು ವಾಡಿಕೆ. ಹಾರಿಬಂದ ಕಲ್ಲುಗಳು ಛತ್ತಿನ ಮೇಲೆ ದಡದಡ ಬಿದ್ದರೂ ಒಳಗಿದ್ದವರು ರೊಟ್ಟಿ ಮುರಿಯುತ್ತಿದ್ದರು. ಆದರೆ ಖಣಿ ವರ್ಷ ವರ್ಷ ಹತ್ತಿರ ಬರುತ್ತಿತ್ತು. ಒಳಗಿನ ಸಲಾಕೆ ತುಕ್ಕು ಹಿಡಿದು ಉಬ್ಬಿ, ಕಂಬದಿಂದ ತೊಲೆಯವರೆಗೆ ಒಂದು ಬಿರುಕು ಎದ್ದಿತ್ತು. ಎರಡು ತಿಂಗಳ ಹಿಂದೆ ಓವರ್ಸಿಯರ್ ಗುರುಲಿಂಗಯ್ಯ ಬಂದು ಬಿರುಕಿಗೆ ಅಡ್ಡಲಾಗಿ ಗಾಜು ಅಂಟಿಸಿ, ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋಗಿದ್ದ.

"ನೋಡ್ರಿ ಮಿಯಾ, ಹಳೇ ಕಾಂಕ್ರೀಟು ಒಂದೇ ಏಟಿಗೆ ಬೀಳಂಗಿಲ್ಲ. ದಿನಾ ಅಲುಗಿ ಅಲುಗಿ ಒಳಗಿಂದೊಳಗ ಬಿಡ್ತದ. ಗಾಜು ಒಡೀತಂದ್ರ ಬಿರುಕು ಬೆಳೀಲಿಕತ್ತದ ಅಂತ ತಿಳೀರಿ. ಅವತ್ತೇ ಬೀಗ ಹಾಕಿಸ್ತೀನಿ."

"ಬೀಗ ಹಾಕಿದ್ರ ನನ್ನ ನೌಕರಿ, ಸಾಹೇಬ್ರ?"

"ಖಾಲಿ ಮನಿಗಿ ಚೌಕೀದಾರ ಯಾಕ್ರಿ?" ಗುರುಲಿಂಗಯ್ಯ ನಕ್ಕಿದ್ದ. "ಮತ್ತ ನೀವೇ ಕೈ ಹಚ್ಚಿ ಒಡದೀರಿ! ನಿಮ್ಮ ಮಂದಿ ಮ್ಯಾಲ ಮೊದಲೇ ಎಲ್ಲಾರ ಕಣ್ಣದ."

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆ ಆಗಿ ನಾಲ್ಕು ವರ್ಷವಾಗಿತ್ತು. ಸುತ್ತ ನಿಂತವರು ನಕ್ಕಿದ್ದರು. ಖಾಜಾಮಿಯಾನೂ ನಕ್ಕಿದ್ದ.

ಕೋಲೇ ತಗುಲಿರಬೇಕು ಎಂದು ಅವನು ತೀರ್ಮಾನಿಸಿಕೊಂಡ. ಮನೆಗೆ ಹೋಗಿ, ಗೋಡೆಯ ಮೇಲಿದ್ದ ಕಾಬಾದ ಚಿತ್ರದ ಗಾಜು ಬಿಚ್ಚಿ, ಉಳಿಯ ಮೂಲೆಯಿಂದ ಗೀರಿ ಒಂದು ಪಟ್ಟಿ ಮುರಿದುಕೊಂಡ. ಹೆಂಡತಿ ಕಮರುನ್ನೀಸಾ, "ಗಾಜೆಲ್ಲಿ?" ಎಂದು ಕೇಳಿದ್ದಕ್ಕೆ "ಒಡೀತು" ಎಂದ. ಕೂಲಿಯವರು ಬರುವಷ್ಟರಲ್ಲಿ ಕಂಬದ ಮೇಲೆ ಹೊಸ ಗಾಜು ಕೂತಿತ್ತು. ಗೋಡೆಯ ಮೇಲಿನ ತಾರೀಖು ಹಳೆಯದೇ.

ಮಧ್ಯಾಹ್ನ ಕಲ್ಲು ಹೊರುವ ಸೂಗಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ನಾಲ್ಕು ವರ್ಷದ ಹಿಂದಿನ ಆ ಗಲಾಟೆಯ ದಿನಗಳಲ್ಲಿ ಅವನನ್ನೂ ಕಮರುನ್ನೀಸಾಳನ್ನೂ ಹನ್ನೊಂದು ದಿನ ಮೇವಿನ ಕೋಣೆಯಲ್ಲಿ ಬಚ್ಚಿಟ್ಟು, ಮುಸಲ್ಮಾನರನ್ನು ಹುಡುಕಿ ಬಂದವರಿಗೆ "ಒಳಗ ಎಮ್ಮಿ ಅದ, ಹಾಯ್ತದ" ಎಂದು ಹೇಳಿ ಕಳಿಸಿದವಳು.

"ಏನೋ ಖಾಜಾಣ್ಣಾ, ಕನ್ನಡಿ ಮುಂದ ನಿಂತಂಗ ನಿಂತೀದಿ? ಈ ವಯಸ್ಸಿನಾಗ ಯಾರಿಗಿ ತೋರಸಬೇಕೋ ಮಾರಿ?" ಎನ್ನುತ್ತ ತೊಲೆಗಿದ್ದ ಕಬ್ಬಿಣದ ಬಳೆಗೆ ಸೀರೆಯ ಜೋಲಿ ಕಟ್ಟಿದಳು. ಕೂಸನ್ನು ಮಲಗಿಸುವ ಮುಂಚೆ ತಿರುಗಿ ಕೇಳಿದಳು: "ಗಾಜು ಛಲೋ ಅದ ಇಲ್ಲ?"

"ಅದ, ಅದ. ಮಲಗಸು."

ಹೊಸ ಗಾಜು ಅಂಟಿಸಿದ ಒಂಬತ್ತನೆಯ ದಿನ ಎಂದಿನಂತೆ ಸೀಟಿ ಕೂಗಿತು, ಎಂದಿನಂತೆ ಎಲ್ಲರೂ ಒಳಗೆ ಬಂದರು. ಮದ್ದು ಹಾರಿತು. ಛತ್ತು ಬೀಳಲಿಲ್ಲ. ತೊಲೆಯ ತಳದ ಕಾಂಕ್ರೀಟು ಮಾತ್ರ ಮಾರುದ್ದ ಕಳಚಿ, ತುಕ್ಕಿನ ಸಲಾಕೆಗಳನ್ನು ಬಿಟ್ಟು ಕೆಳಗೆ ಬಂತು. ಅದಕ್ಕೂ ಮೊದಲು ಮಣ್ಣು ಉದುರಿದ್ದನ್ನು ಕಂಡ ಸೂಗಮ್ಮ ಜೋಲಿಯ ಮೇಲೆ ಬಾಗಿದ್ದಳು. ಕೂಸಿಗೆ ಏನೂ ಆಗಲಿಲ್ಲ. ಅವಳ ಬಲತೋಳು ಜಜ್ಜಿಹೋಯಿತು. ಮುಂದೆ ಆ ಕೈ ಕಲ್ಲು ಹೊರುವುದಿರಲಿ, ರೊಟ್ಟಿಯನ್ನೂ ತಟ್ಟಲಿಲ್ಲ.

ಅದಾದ ಮೂರನೆಯ ದಿನ ಗುರುಲಿಂಗಯ್ಯ ಬಂದ. ಕಂಬದ ಗಾಜಿನ ಮೇಲೆ ಉಗುರಾಡಿಸಿ ನೋಡಿದ. ಆಮೇಲೆ ಖಾಜಾಮಿಯಾನನ್ನು ಕರೆದುಕೊಂಡು ಸೂಗಮ್ಮನ ಮನೆಗೆ ಹೋಗಿ, ಅವಳು ಮಲಗಿದ್ದ ಹೊರಸಿನ ಪಕ್ಕದಲ್ಲಿ ಕೂತು ವರದಿ ಬರೆಯತೊಡಗಿದ.

"ಗಾಜು ಒಡದಿಲ್ಲ. ಅಂದಮ್ಯಾಲ ಬಿರುಕು ಬೆಳದಿಲ್ಲ, ಕಟ್ಟಡ ಗಟ್ಟಿ ಅದ. ಇಕಿ ದಿನಾ ಜೋಲಿ ಕಟ್ಟಿ ತೂಗಿ ತೂಗಿ ತೊಲಿ ಸಡ್ಲ ಮಾಡ್ಯಾಳ. ಹೌದಲ್ರಿ ಮಿಯಾ? ಗಾಜು ನೀವೇ ನೋಡ್ತಿದ್ರಿ."

ಖಾಜಾಮಿಯಾ ಬಾಯಿ ತೆರೆಯುವಷ್ಟರಲ್ಲಿ ಹೊರಸಿನ ಮೇಲಿಂದ ಸೂಗಮ್ಮನೇ ಅಂದಳು: "ಅವನಿಗ್ಯಾಕ ಕಾಡ್ತೀರಿ ಸಾಹೇಬ್ರ? ಖಾಜಾಣ್ಣ ಗಾಜು ಛಲೋ ಅದ ಅಂದಿದ್ದ, ಛಲೋನೇ ಇತ್ತು. ನನ್ನ ಜೋಲೀದೇ ತಪ್ಪಿರಬೇಕು, ಬರಕೋರಿ."

ಗುರುಲಿಂಗಯ್ಯ ಬರೆದುಕೊಂಡ. ಖಾಜಾಮಿಯಾ ಹೆಬ್ಬೆಟ್ಟು ಒತ್ತಿದ.

ಮರುದಿನ ತೊಲೆಯ ಬಳೆಯನ್ನು ಗರಗಸದಿಂದ ಕೊಯ್ಯಿಸಿದರು. ಕಳಚಿದ ಕಡೆ ಸಿಮೆಂಟು ಮೆತ್ತಿದರು. ಸೀಟಿ ಕೂಗಿತು, ಕೂಲಿಯವರು ಓಡಿಬಂದು ಒಳಗೆ ನಿಂತು, ಬುತ್ತಿ ಬಿಚ್ಚಿದರು. ಮದ್ದು ಹಾರಿದ ಮೇಲೆ ಖಾಜಾಮಿಯಾ ನೆಲಕ್ಕೆ ಉದುರಿದ ಧೂಳನ್ನು ಗುಡಿಸಿದ, ಕಂಬದಿಂದ ಒಂದು ಮಾರು ದೂರ ನಿಂತು.

ಕಂಬದ ಮೇಲಿರುವುದು ಎರಡನೆಯ ಗಾಜು ಎಂಬುದನ್ನು ಅವನು ಯಾರಿಗೂ ಹೇಳಲಿಲ್ಲ, ಸೂಗಮ್ಮನಿಗೂ.