ಬಚ್ಚಲ ಕಟ್ಟೆ

ಶಿವಗಂಗಮ್ಮ ಟವೆಲನ್ನು ಹೆಗಲಿಗೆ ಹಾಕಿಕೊಂಡು, ತಾಮ್ರದ ತಂಬಿಗೆ ಹಿಡಿದು, ಗೇಟಿನ ಚಿಲಕ ತೆಗೆಯಲಾಗದೆ ನಿಂತಿದ್ದರು. ಸೊಸೆ ಚೈತನ್ಯಾ ಒಳಗಿನಿಂದ ಬಂದು ತೆಗೆದಳು. ಅವಳ ಗಂಡ ಚನ್ನವೀರೇಶನನ್ನು ಮಣ್ಣು ಮಾಡಿದ ದಿನದಿಂದ ನಿನ್ನೆಯವರೆಗೆ ಆ ಗೇಟನ್ನು ಯಾರೂ ಮುಚ್ಚಿರಲೇ ಇಲ್ಲ. ಶಿವಗಣಾರಾಧನೆಗೆ ಬಂದಿದ್ದ ನೆಂಟರೆಲ್ಲ ರಾತ್ರಿ ಬಸ್ಸಿಗೆ ಹೊರಟುಹೋಗಿ, ಶಾಮಿಯಾನದವರು ಕಂಬ ಕಿತ್ತುಕೊಂಡ ಮೇಲೆ ಬಸವೇಶ್ವರನಗರದ ಆ ರಸ್ತೆ ಮತ್ತೆ ಎಂದಿನ ರಸ್ತೆಯಾಗಿತ್ತು. ಹಾಲಿನವನು ಎಂದಿನಂತೆಯೇ ಪ್ಯಾಕೆಟ್ಟುಗಳನ್ನು ಗೇಟಿಗೆ ಸಿಕ್ಕಿಸಿ ಹೋಗಿದ್ದ. ಕಸದ ಗಾಡಿ ತನ್ನ ಹಾಡು ಹಾಕಿಕೊಂಡು ತಿರುವಿನಲ್ಲಿ ಬರುತ್ತಿತ್ತು.

ಅತ್ತೆ ರಸ್ತೆ ದಾಟಿ ಎದುರು ಮನೆಗೆ ಹೋಗುವುದನ್ನು ಅವಳು ನೋಡುತ್ತ ನಿಂತಳು. ಎದುರು ಮನೆಯ ನೀಲಮ್ಮ ಇಷ್ಟೂ ದಿನ ತಮ್ಮ ಬಚ್ಚಲುಮನೆಯನ್ನು ಇವರಿಗೆ ಬಿಟ್ಟುಕೊಟ್ಟಿದ್ದರು. ದಿನವೂ ಬೆಳಗ್ಗೆ ಬೇಗ ಗೀಜರ್ ಹಾಕಿ, ಬಾಗಿಲನ್ನು ಒಂದಿಷ್ಟು ತೆರೆದಿಟ್ಟು, ತಾವು ಅಡುಗೆಮನೆ ಸೇರಿಬಿಡುತ್ತಿದ್ದರು, ಬರುವವರಿಗೆ ಕೇಳಿಕೊಳ್ಳುವ ಮುಜುಗರ ಬೇಡವೆಂದು. ಊರಿನಿಂದ ಬಂದ ಹೆಂಗಸರೆಲ್ಲ ಅಲ್ಲಿಯೇ ಸ್ನಾನ ಮಾಡಿದ್ದರು. ಒಂದು ಮಾತು ಆಡಿದವರಲ್ಲ ನೀಲಮ್ಮ.

ಚೈತನ್ಯಾಳ ಮನೆಯಲ್ಲಿ ಬಚ್ಚಲು ಎನ್ನುವುದು ಈಗ ಸಿಮೆಂಟಿನ ಒಂದು ಗುಂಡಿ. ಹಿತ್ತಲಿನ ಹಳೆಯ ಕಕ್ಕಸು ಹೇಗೋ ಇತ್ತು, ಸ್ನಾನಕ್ಕೆ ಮಾತ್ರ ಜಾಗವಿಲ್ಲ. ಅಮ್ಮನ ಮಂಡಿನೋವಿಗೆ ಅನುಕೂಲವಾಗಲೆಂದು ಚನ್ನವೀರೇಶ ಹಳೆಯ ಬಚ್ಚಲನ್ನು ಒಡೆಸಿ ಹೊಸದಾಗಿ ಕಟ್ಟಿಸಲು ಶುರುಮಾಡಿದ್ದ. ಅರ್ಧ ಕೆಲಸವಾದಾಗ ಕಾಂಟ್ರಾಕ್ಟರ್ ಅಂಜಿನಯ್ಯನ ಜೊತೆ ಜಗಳವಾಗಿ, ಇನ್ನು ಈ ಮನೆ ಕಡೆ ಬರಬೇಡಿ ಎಂದುಬಿಟ್ಟಿದ್ದ. ಚೈತನ್ಯಾ ಆವತ್ತು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಸಂಜೆ ಕೇಳಿದಾಗ, ಆ ಮನುಷ್ಯನಿಗೆ ಹೇಳಿದರೆ ಅರ್ಥವಾಗುವುದಿಲ್ಲ ಎಂದಷ್ಟೇ ಅಂದಿದ್ದ. ಮರುದಿನ ಆಫೀಸಿಗೆ ಹೋದವನು ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದನಂತೆ. ಬೇರೆ ಮೇಸ್ತ್ರಿಯನ್ನು ಹುಡುಕುವುದಕ್ಕೂ ಅವನಿಗೆ ಹೊತ್ತು ಸಿಗಲಿಲ್ಲ.

ಸ್ನಾನ ಮುಗಿಸಿ ಬಂದ ಶಿವಗಂಗಮ್ಮ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು ಹೊಸಿಲ ಬಳಿ ನಿಂತರು. ಒಂದು ಕೈ ಮಂಡಿಯ ಮೇಲಿತ್ತು.

"ಮಂದಿ ಬಚ್ಚಲದಾಗ ಎಷ್ಟ ದಿನ ಜಳಕಾ ಮಾಡೂದವ್ವಾ. ಆಕಿ ಏನೂ ಅನ್ನಂಗಿಲ್ಲ, ಆದ್ರ ನಮಗ ತಿಳೀಬೇಕಲ್ಲ. ಐತವಾರ ಶಾಂತವ್ವ ಗಾಡಿ ತಗೊಂಡು ಬರ್ತಾಳಂತ. ಆಕಿ ಜೋಡಿ ರಾಣೆಬೆನ್ನೂರಿಗೆ ಹೊಕ್ಕೇನಿ."

ಶಾಂತವ್ವ ಮಗಳು. ಅಲ್ಲಿಗೆ ಹೋದವರು ತಿರುಗಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮಗನೇ ಇಲ್ಲದ ಮನೆಯಲ್ಲಿ ಇರಿ ಎಂದು ಸೊಸೆ ಯಾವ ಬಾಯಲ್ಲಿ ಹೇಳಬೇಕು, ಇರುತ್ತೇನೆ ಎಂದು ಅತ್ತೆ ಯಾವ ಬಾಯಲ್ಲಿ ಹೇಳಬೇಕು. ಬಂದ ನೆಂಟರೂ ಅದನ್ನು ತೀರ್ಮಾನವಾದ ಸಂಗತಿ ಎಂಬಂತೆಯೇ ಮಾತಾಡಿಕೊಂಡಿದ್ದರು. ಹೋಗಬೇಡಿ ಅವ್ವಾ ಎನ್ನಬೇಕೆಂದಿತ್ತು ಚೈತನ್ಯಾಳಿಗೆ. ಅವಳು "ಚಹಾ ಮಾಡ್ಲಾ?" ಎಂದಳು.

ಅತ್ತೆ ಲಿಂಗಪೂಜೆಗೆ ಕೂತ ಮೇಲೆ ಅವಳು ಅಂಜಿನಯ್ಯನಿಗೆ ಫೋನು ಮಾಡಿದಳು. ತನ್ನ ಕೈಯಲ್ಲಿ ಆಗುವುದು ಅದೊಂದೇ ಎನಿಸಿತ್ತು.

ಅಂಜಿನಯ್ಯ ಮಾರೇನಹಳ್ಳಿಯಿಂದ ಅರ್ಧ ಗಂಟೆಯಲ್ಲೇ ಬಂದ. ಐವತ್ತು ದಾಟಿದ ಗಟ್ಟಿ ಆಳು. ಬಂದವನು ಗೇಟಿನ ಹೊರಗೇ ನಿಂತ. ಒಳಗೆ ಬನ್ನಿ ಎಂದು ಎರಡು ಸಲ ಕರೆದ ಮೇಲೆ ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬಂದ. ಮಣ್ಣಿಗೂ ಬಂದಿದ್ದೆ, ಹಿಂದೆ ನಿಂತಿದ್ದೆ, ನಿಮ್ಮ ಕಣ್ಣಿಗೆ ಬೀಳುವುದು ಬೇಡ ಅನಿಸಿತು ಎಂದ. ಬಚ್ಚಲ ಬಾಗಿಲಲ್ಲಿ ಇಬ್ಬರೂ ನಿಂತು ಒಳಗೆ ನೋಡಿದರು. ಸ್ನಾನದ ಜಾಗಕ್ಕೂ ಬಾಗಿಲ ಕಡೆಯ ಜಾಗಕ್ಕೂ ನಡುವೆ ಗೇಣೆತ್ತರದ ಒಂದು ಸಣ್ಣ ಕಟ್ಟೆ ಅಡ್ಡಲಾಗಿ ಇತ್ತು. ಜಗಳವೆಲ್ಲ ಅದರದೇ. ಅದನ್ನು ದಾಟಲು ಅಮ್ಮನಿಗೆ ಕಾಲೆತ್ತಲಾಗದು, ತೆಗೆಯಿರಿ ಎಂದು ಚನ್ನವೀರೇಶ. ತೆಗೆದರೆ ನೀರೆಲ್ಲ ನಡುಮನೆಗೆ ನುಗ್ಗುತ್ತದೆ ಎಂದು ಅಂಜಿನಯ್ಯ.

ಕೆಲಸ ಪೂರ್ತಿ ಮಾಡಿಕೊಡಬೇಕು ಎಂದಳು ಚೈತನ್ಯಾ.

"ನೀವು ಹೆಂಗೆ ಹೇಳ್ತೀರೋ ಹಂಗೇ ಮೇಡಂ. ಕಟ್ಟೆ ಬ್ಯಾಡ ಅಂದ್ರೆ ಇವತ್ತೇ ತೆಗೆಸ್ಬಿಡ್ತೀನಿ. ನಂದೇನೂ ಇಲ್ಲ."

ಅದೇ ಮೆತ್ತಗಿನ ದನಿ. ಇಷ್ಟು ದಿನ ಎಲ್ಲರೂ ಅವಳ ಹತ್ತಿರ ಆ ದನಿಯಲ್ಲೇ ಮಾತಾಡಿದ್ದರು. ನೀನು ಹೇಗಂತೀಯೋ ಹಾಗೆ ಎಂದು ನಾದಿನಿ, ಎಷ್ಟು ದಿನ ಬೇಕಾದರೂ ರಜೆ ತಗೊಳ್ಳಿ ಎಂದು ಪ್ರಿನ್ಸಿಪಾಲರು. ಒಳ್ಳೆಯತನದಿಂದಲೇ ಅಂದದ್ದು. ಆದರೆ ಹತ್ತಿಯ ಮೂಟೆಯೊಳಗೆ ಕೂತು ಕೇಳಿದಂತೆ, ಯಾವುದೂ ಅವಳನ್ನು ಮುಟ್ಟಿರಲಿಲ್ಲ.

"ಕಟ್ಟೆ ತೆಗೆದ್ರೆ ನೀರು ಹೊರಗೆ ಬರುತ್ತಾ, ಬರಲ್ವಾ?"

ಅಂಜಿನಯ್ಯ ನೆಲ ನೋಡಿದ. "ಈಗ ಅದೆಲ್ಲ ಯಾಕೆ ಬಿಡಿ ಮೇಡಂ."

"ಹೇಳಿ."

"ಬರುತ್ತೆ."

"ಮತ್ತೆ ತೆಗೀತೀನಿ ಅಂತೀರಲ್ಲ. ಆ ನೀರಲ್ಲಿ ಅವ್ವ ಜಾರಿದ್ರೆ? ನನ್ನ ನೋಡಿ ಪಾಪ ಅಂದ್ಕೊಂಡು ಕೆಲಸ ಕೆಡಿಸ್ಬೇಡಿ ಅಂಜಿನಯ್ಯ. ಅವ್ರ ಹತ್ರ ಹೆಂಗೆ ಜಗಳ ಆಡಿದ್ರೋ ನನ್ನ ಹತ್ರಾನೂ ಹಂಗೇ ಆಡಿ."

ಆತ ತಲೆಯೆತ್ತಿ ಅವಳನ್ನು ನೋಡಿದ. ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡ.

"ಸರಿ, ಹಂಗಾದ್ರೆ ಕೇಳಿ. ಸಾರ್ ಏನಂದ್ರು ಗೊತ್ತಾ? 'ನಿಮ್ಮ ತಾಯಿನ ಕರ್ಕೊಂಡು ಬಂದು ಈ ಕಟ್ಟೆ ದಾಟಿಸ್ರೀ, ಆಮೇಲೆ ಮಾತಾಡಿ' ಅಂದ್ರು. ನಮ್ಮಮ್ಮ ಮುನಿತಾಯಮ್ಮ, ಎಂಬತ್ತಾಗೈತೆ, ಈಗ್ಲೂ ತಲೆ ಮೇಲೆ ಸೊಪ್ಪಿನ ಮಂಕರಿ ಹೊತ್ಕೊಂಡು ಹೋಯ್ತಾಳೆ. ನಾನು ಬಿಡ್ತೀನಾ? 'ನಮ್ಮಮ್ಮನ ಸುದ್ದಿಗೆ ಬರ್ಬ್ಯಾಡಿ ಸಾರ್, ಓಟದಲ್ಲಿ ನಿಮ್ಮನ್ನೇ ಸೋಲಿಸ್ತಾಳೆ' ಅಂದೆ. ಅದಕ್ಕೆ ಕೂಗಾಡಿದ್ರು ನೋಡಿ."

"ಅವರು ಕೂಗಾಡಿದ್ರಾ?"

"ಕೂಗಾಡಿದ್ರಾ ಅಂತೀರಲ್ಲ. ಮೇನ್ ರೋಡಿನ ಆಟೋದೋರು ತಿರುಗಿ ನೋಡಿದ್ರು."

ಚೈತನ್ಯಾ ಗೋಡೆಗೆ ಒರಗಿದಳು. ಮದುವೆಯಾದಾಗಿನಿಂದ ಚನ್ನವೀರೇಶ ಗಟ್ಟಿಯಾಗಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಹೋಟೆಲಿನಲ್ಲಿ ಕೇಳಿದ್ದು ಬಿಟ್ಟು ಬೇರೆ ತಂದಿಟ್ಟರೂ ಸುಮ್ಮನೆ ತಿಂದು ಬರುವ ಆಸಾಮಿ. ಅವನ ಬಗ್ಗೆ ಇನ್ನು ಹೊಸತೇನೂ ತಿಳಿಯಲಿಕ್ಕಿಲ್ಲ, ಇದ್ದದ್ದಷ್ಟನ್ನೇ ಸವೆಸುತ್ತ ಬದುಕಬೇಕು ಎಂದುಕೊಂಡಿದ್ದಳು. ಈಗ ಈ ಮನುಷ್ಯ ಸಿಮೆಂಟಿನ ಧೂಳು ಮೆತ್ತಿದ ಕಾಲಿನಲ್ಲಿ ಬಂದು, ಅವಳಿಗೆ ಗೊತ್ತೇ ಇರದಿದ್ದ ಒಬ್ಬ ಚನ್ನವೀರೇಶನನ್ನು ತಂದುಕೊಟ್ಟಿದ್ದ.

"ಅವರು ಕೂಗಾಡಿದ್ದು ಸರಿಯಾಗೇ ಇದೆ," ಎಂದಳು. "ಗೇಣೆತ್ತರ ಅಂದ್ರೆ ನಿಮಗೆ ಗೇಣು, ಅವ್ವನಿಗೆ ಬೆಟ್ಟ."

ಅಲ್ಲಿಂದ ಮಾತು ಏರಿತು. ನೀರು ಹೋಗುವ ತೂತು ಮೂಲೆಯಲ್ಲಿದೆ, ಇಳಿಜಾರು ಸಾಲದು ಎಂದು ಆತ. ಇಳಿಜಾರು ಸಾಲದಿದ್ದರೆ ಮೊದಲೇ ಸರಿಯಾಗಿ ಕೊಡಬೇಕಿತ್ತು ಎಂದು ಇವಳು. ಕೆಳಗೆ ಹಳೆಯ ಪೈಪು ಅಡ್ಡ ಬಂದರೆ ನಾನೇನು ಮಾಡಲಿ ಎಂದು ಆತ. ಪೈಪು ಇರುವುದು ಒಡೆಯುವಾಗ ಕಾಣಲಿಲ್ಲವೇ ಎಂದು ಇವಳು. ತನ್ನ ದನಿ ಎಷ್ಟು ಮೇಲೆ ಹೋಗಿದೆಯೆಂದು ಅವಳಿಗೆ ತಿಳಿದದ್ದು ನೀಲಮ್ಮ ತಮ್ಮ ಗೇಟಿಗೆ ಬಂದು ಇಣುಕಿದಾಗ. ಕೆನ್ನೆ ಬಿಸಿಯಾಗಿತ್ತು, ಅಂಗೈ ಬೆವರಿತ್ತು. ಬಹಳ ದಿನಗಳ ಮೇಲೆ ಮೈ ತನ್ನದೆನ್ನಿಸಿತು.

ಪೂಜೆ ಮುಗಿಸಿದ ಶಿವಗಂಗಮ್ಮ ಹಣೆತುಂಬ ವಿಭೂತಿ ಹಚ್ಚಿಕೊಂಡು, ಗೋಡೆ ಹಿಡಿದುಕೊಂಡು ಬಂದರು.

"ಯಾರ ಮಣಕಾಲಿನ ಸಲುವಾಗಿ ಬಡದಾಡಾಕ ಹತ್ತೀರಿ?"

"ನಿಮ್ದೇ ಅಮ್ಮ," ಎಂದ ಅಂಜಿನಯ್ಯ.

"ಹಂಗಂದ್ರ ನನ್ನ ಒಬ್ಬರರ ಕೇಳೀರೇನು? ಅವತ್ತೂ ಕೇಳಲಿಲ್ಲ, ಇವತ್ತೂ ಕೇಳವಲ್ರಿ."

ಶಿವಗಂಗಮ್ಮ ಬಾಗಿಲ ಚೌಕಟ್ಟು ಹಿಡಿದು ಒಳಗೆ ಕಾಲಿಟ್ಟು, ಕಟ್ಟೆಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು.

"ಇಷ್ಟ ಸಣ್ಣದಿದ್ರ ಎಡವಾಕ ಅಷ್ಟ ಬರ್ತೈತಿ. ದೊಡ್ಡದು ಮಾಡ್ರಿ, ಕುಂದ್ರಾಕ ಬರೂವಷ್ಟು. ನಮ್ಮ ಊರಾಗ ಬಚ್ಚಲ ಕಟ್ಟಿ ಮ್ಯಾಲ ಕುಂತ ಜಳಕಾ ಮಾಡ್ತಿದ್ವಿ. ಗ್ವಾಡಿ ಕಡೆ ಅರ್ಧಕ್ಕ ಕಟ್ಟಿ, ಈ ಕಡೆ ಅರ್ಧ ನಡ್ಯಾಕ ಸಪಾಟ ಬಿಡ್ರಿ. ಕುಂತ ಮಾಡಿದ್ರ ನೀರು ಅತ್ತಾಗ ಮೂಲ್ಯಾಗ ಬೀಳ್ತೈತಿ."

ಅಂಜಿನಯ್ಯ ತಲೆ ಕೆರೆದುಕೊಂಡ. ಬಗ್ಗಿ ಮೂಲೆ ನೋಡಿದ, ಬಾಗಿಲು ನೋಡಿದ. ಇಳಿಜಾರನ್ನು ಆ ಕಡೆ ತಿರುಗಿಸಿದರೆ ಆಗುತ್ತದೆ ಎಂದ. ಆಮೇಲೆ ತಡೆಯಲಾರದೆ, "ಇದನ್ನ ಸಾರ್ ಇದ್ದಾಗ್ಲೇ ಒಂದು ಮಾತು ಅಂದಿದ್ರೆ ಅಮ್ಮ..." ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡ.

ಶಿವಗಂಗಮ್ಮ ಕಟ್ಟೆಯನ್ನೇ ನೋಡುತ್ತಿದ್ದರು.

"ಒಳಗ ಕುಂತ ಕೇಳಾಕತ್ತಿದ್ದೆ. ಹೊರಗ ಬಂದು ಹೇಳಬೇಕಂದೆ. ಆದ್ರ ನನ್ನ ಮಗ ನನ್ನ ಸಲುವಾಗಿ ಅಷ್ಟ ಒದರ್ಯಾಡಿದ್ದು ಅದ ಮೊದಲ. ಇನ್ನೊಂದೀಟು ಒದರಲಿ ಅಂತ ಕೇಳಕೋತ ಕುಂತೆ. ಚಲೋ ಅನಸ್ತಿತ್ತು."

ಅಂಜಿನಯ್ಯ ವಸ್ತ್ರದಿಂದ ಮುಖ ಒರೆಸಿಕೊಂಡ. ಆಮೇಲೆ, ಕಟ್ಟೆಯ ಮೇಲೆ ಗ್ರಾನೈಟ್ ಹಾಕಲೇ ಎಂದು ಕೇಳಿದ.

"ಬ್ಯಾಡ. ನುಣ್ಣಗಿರೂದು ಮಳೆಗಾಲದಾಗ ಥಂಡಿ ಹಿಡೀತೈತಿ. ಒರಟು ಕಲ್ಲು ಹಾಕ್ರಿ. ದಿನಾ ಕುಂದ್ರಾಕಿ ನಾನು."

ಮಳೆಗಾಲ ಇನ್ನೂ ಬಹಳ ದೂರವಿತ್ತು. ಚೈತನ್ಯಾ ಅತ್ತೆಯ ಮುಖ ನೋಡಲಿಲ್ಲ. ನೋಡಿದರೆ ಎಲ್ಲಿ ಆ ಮಾತು ಹಿಂದಕ್ಕೆ ಹೋಗಿಬಿಡುತ್ತದೋ ಎಂದು, "ಒರಟು ಕಲ್ಲೇ ಹಾಕಿ," ಎಂದಷ್ಟೇ ಅಂಜಿನಯ್ಯನಿಗೆ ಹೇಳಿ ಅಡುಗೆಮನೆಗೆ ಹೋದಳು. ವಿಪರೀತ ಹಸಿವಾಗಿತ್ತು. ಡಬ್ಬಿಯಲ್ಲಿದ್ದ ಕಟಕು ರೊಟ್ಟಿಯನ್ನು ಶೇಂಗಾ ಚಟ್ನಿ, ಮೊಸರಿನ ಜೊತೆ ನಿಂತೇ ತಿಂದಳು.

ಭಾನುವಾರ ಶಾಂತವ್ವ ಬಂದಾಗ ಜಗಲಿಯ ತುಂಬ ಸಿಮೆಂಟಿನ ಚೀಲಗಳಿದ್ದವು. ಶಿವಗಂಗಮ್ಮ ಬ್ಯಾಗು ಕಟ್ಟಿರಲಿಲ್ಲ. ಮನೆಯಲ್ಲಿ ಆಳುಗಳು ಕೆಲಸ ಮಾಡುತ್ತಿರುವಾಗ ಯಾರಾದರೂ ಇರಬೇಕಲ್ಲ, ಇವಳು ನಾಳೆಯಿಂದ ಕಾಲೇಜಿಗೆ ಹೋಗುತ್ತಾಳೆ ಎಂದರು. ಶಾಂತವ್ವ ಅಮ್ಮನನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಮಧ್ಯಾಹ್ನ ಊಟ ಮಾಡಿ, ತಂದಿದ್ದ ರೊಟ್ಟಿಯ ಗಂಟನ್ನು ಬಿಟ್ಟು, ಹೋಗುವಾಗ ಚೈತನ್ಯಾಳ ಕೈಯನ್ನು ಸುಮ್ಮನೆ ಒಮ್ಮೆ ಗಟ್ಟಿಯಾಗಿ ಹಿಡಿದು ಹೊರಟಳು.

ಇಳಿಜಾರು ಕೊಡುವ ದಿನ ಅಂಜಿನಯ್ಯ ತಾನೇ ಮಂಡಿಯೂರಿ ಕೂತಿದ್ದ. ಕೈಯಲ್ಲಿ ನೆಲದ ಮಟ್ಟ ನೋಡುವ ಹೊಚ್ಚಹೊಸ ರಸಮಟ್ಟ, ಗಾಜಿನೊಳಗಿನ ಗುಳ್ಳೆ ನಿಂತಲ್ಲಿ ನಿಲ್ಲುವುದಿಲ್ಲವೆಂದು ಅದನ್ನು ಬೈಯುತ್ತಿದ್ದ. ಹಳೆಯದೇನಾಯಿತು ಎಂದು ಚೈತನ್ಯಾ ಕೇಳಿದಳು. ಆತ ಮೊದಲು ಏನೂ ಇಲ್ಲ ಎಂದ. ಬಿಡದೆ ಕೇಳಿದಾಗ, ಅದನ್ನು ಸಾರ್ ಇಸ್ಕೊಂಡಿದ್ದರು ಎಂದ. 'ನೆಲ ಅಲ್ಲ, ನಿಮ್ಮ ಮಟ್ಟಾನೇ ಸುಳ್ಳು ಹೇಳ್ತಿದೆ. ಕೊಡಿ, ನಾಳೆ ಆಫೀಸಿನ ಟೇಬಲ್ ಮೇಲೆ ಇಟ್ಟು ನೋಡಿ ತಂದುಕೊಡ್ತೀನಿ' ಎಂದು ಜಗಳದ ಕೊನೆಗೆ ಕೇಳಿ ತೆಗೆದುಕೊಂಡಿದ್ದರಂತೆ.

"ಹೋಗ್ಲಿ ಬಿಡಿ ಮೇಡಂ, ಕೈಗೆ ಒಗ್ಗಿದ್ದು ಅಷ್ಟೇ," ಎಂದ.

ಮರುದಿನ ಅವಳು ವಿಜಯನಗರದ ಮೆಟ್ರೋ ನಿಲ್ದಾಣಕ್ಕೆ ಹೋದಳು. ಚನ್ನವೀರೇಶ ದಿನವೂ ಸ್ಕೂಟರನ್ನು ಅಲ್ಲಿ ಬಿಟ್ಟು ರೈಲು ಹತ್ತುತ್ತಿದ್ದ. ಅದು ಇನ್ನೂ ಅಲ್ಲಿಯೇ ಇತ್ತು. ಆಸ್ಪತ್ರೆಯವರು ಕವರಿನಲ್ಲಿ ಹಾಕಿ ಕೊಟ್ಟಿದ್ದ ಕೀಲಿಯನ್ನು ಅವಳು ಇಂದೇ ಹೊರತೆಗೆದದ್ದು. ಸ್ಕೂಟರು ಬಿಸಿಲಿನಲ್ಲಿ ಇರಬಹುದೆಂದುಕೊಂಡಿದ್ದಳು. ಪಾರ್ಕಿಂಗಿನ ಮುದುಕ ಅದನ್ನು ಸೂರಿನ ಕೆಳಗೆ ಒಳಸಾಲಿಗೆ ತಳ್ಳಿ ನಿಲ್ಲಿಸಿದ್ದ.

"ಸಾರ್ ಊರಲ್ಲಿಲ್ವಾ ಮೇಡಂ?"

"ತೀರಿಕೊಂಡ್ರು," ಎಂದಳು. ಆ ಮಾತನ್ನು ತಾನೇ ಬಾಯಿಬಿಟ್ಟು ಒಬ್ಬರಿಗೆ ಹೇಳಿದ್ದು ಅದೇ ಮೊದಲು. ಮುದುಕ ತನ್ನ ಬಟ್ಟೆಯಿಂದ ಸೀಟು ಒರೆಸಿದ, ಕನ್ನಡಿ ಒರೆಸಿದ, ಗಾಡಿಯನ್ನು ಹಿಂದಕ್ಕೆ ಎಳೆದು ತಿರುಗಿಸಿ ಅವಳ ಕೈಗೆ ಕೊಟ್ಟ. ಸೀಟಿನ ಕೆಳಗೆ ರೇನ್‌ಕೋಟು, ಅದರಲ್ಲಿ ಸುತ್ತಿಟ್ಟ ರಸಮಟ್ಟ; ಅದು ಆಫೀಸಿನವರೆಗೆ ಹೋಗಿರಲೇ ಇಲ್ಲ.

ಕಟ್ಟೆ ಒಣಗಿ ಶಿವಗಂಗಮ್ಮ ಮೊದಲ ಸ್ನಾನ ಮಾಡಿದ ಬೆಳಗ್ಗೆ ಚೈತನ್ಯಾ ನಡುಮನೆಯಲ್ಲಿ ನಿಂತು ಬಾಗಿಲ ಕೆಳಗಿನ ನೆಲವನ್ನೇ ನೋಡುತ್ತಿದ್ದಳು. ನೀರು ಬರಲಿಲ್ಲ. ತಂಬಿಗೆಯಿಂದ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳುತ್ತಲೇ ಇತ್ತು. ಅವರು ಹೊರಗೆ ಬಂದ ಮೇಲೆ ಅವಳು ಒಂದು ಬಟ್ಟಲು ಪಾಯಸವನ್ನು ನೀಲಮ್ಮನ ಮನೆಗೆ ಕೊಟ್ಟು, ಮೊದಲ ಸ್ನಾನವಾದ ಮೇಲೆ ಕೊಡೋಣವೆಂದು ಸೀಟಿನ ಕೆಳಗೇ ಇಟ್ಟಿದ್ದ ರಸಮಟ್ಟದೊಂದಿಗೆ ಹಾಗೆಯೇ ಸ್ಕೂಟರು ಹತ್ತಿದಳು.

ಅಂಜಿನಯ್ಯನ ಈಗಿನ ಕೆಲಸ ಶ್ರೀಗಂಧದ ಕಾವಲಿನಲ್ಲಿ. ಸೊಂಟದೆತ್ತರಕ್ಕೆ ಎದ್ದ ಗೋಡೆಯ ಆಚೆ ನಿಂತಿದ್ದ. ಅವಳು ರೇನ್‌ಕೋಟು ಬಿಚ್ಚಿ ರಸಮಟ್ಟವನ್ನು ತೆಗೆದು ಚಾಚಿದಳು.

"ಅವರು ಇಸ್ಕೊಂಡಿದ್ದು. ತಡ ಆಯ್ತು."

ಆತ ಕೈಯನ್ನು ಅಂಗಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡ. ಅದರ ಗಾಜನ್ನು ಹೆಬ್ಬೆರಳಿನಿಂದ ಉಜ್ಜಿ, ಆಗ ತಾನೇ ಕೂರಿಸಿದ್ದ ಇಟ್ಟಿಗೆಯ ಸಾಲಿನ ಮೇಲಿಟ್ಟ.

"ಸರಿಯಾಗೈತಾ ನೋಡಿ ಮೇಡಂ."

ಚೈತನ್ಯಾ ಬಗ್ಗಿ ನೋಡಿದಳು. "ಇಲ್ಲ. ಒಂಚೂರು ಎಡಕ್ಕಿದೆ."

"ಎಲ್ಲೈತೆ ಎಡಕ್ಕೆ? ಅಲ್ಲಿಂದ ನೋಡಿದ್ರೆ ಹಂಗೇ ಕಾಣುತ್ತೆ. ಈ ಕಡೆ ಬನ್ನಿ."

ಅವಳು ಮರಳಿನ ಗುಡ್ಡೆ ಸುತ್ತಿಕೊಂಡು ಗೋಡೆಯ ಆಚೆಗೆ ಹೋದಳು. ಇಬ್ಬರೂ ಅಕ್ಕಪಕ್ಕ ಬಗ್ಗಿದರು. ಹಸಿರು ನೀರಿನಲ್ಲಿ ಗುಳ್ಳೆ ಸಣ್ಣಗೆ ನಡುಗುತ್ತ, ಎರಡು ಗೆರೆಗಳ ನಡುವೆ ತನ್ನ ಜಾಗ ಹುಡುಕುತ್ತಿತ್ತು.